ಗಾಳಿ ಬಿಡಿಸುವುದು

ಎರಡು ಸಲ ಕೆಮ್ಮಿತು,
ಮೂರನೆಯದಕ್ಕೆ ಉಸಿರು ಕಟ್ಟಿ ನಿಂತೇಹೋಯಿತು
ಕಾರ್ಮೆಲಿಂದಾಳ ಎಂಜಿನ್,
ಚಿಲೊಯೆಯ ಎರಡು ದ್ವೀಪಗಳ ನಡುವೆ,
ನೀರು ಇಳಿಯತೊಡಗುವ ಹೊತ್ತಿಗೆ ಸರಿಯಾಗಿ.
ದೋಣಿಯಲ್ಲಿ ಹದಿನೆಂಟು ಮೂಟೆ ಆಲೂಗಡ್ಡೆ,
ಕಬ್ಬಿಣದ ಒಲೆ ಒಂದು, ಕಾಲು ಕಟ್ಟಿದ ಎರಡು ಹುಂಜ,
ಹಲ್ಲು ಕೀಳಿಸಿಕೊಂಡು ಮರಳುತ್ತಿದ್ದ ಎದುವಿನಾ.
ಕೆನ್ನೆಗೊತ್ತಿದ ಕೈ ತೆಗೆಯದೆಯೇ ಕೇಳಿದಳು:
'ಏನಾಯ್ತು ಅದಕ್ಕೆ?'

'ಗಾಳಿ ಹೊಕ್ಕಿದೆ' ಎಂದ ಎಲಿಯೊದೊರೊ.
ಅವಳು ಎದೆಯ ಮೇಲೆ ಶಿಲುಬೆ ಗೀರಿಕೊಂಡಳು.
'ಆ ಗಾಳಿ ಅಲ್ಲ ತಾಯೀ, ಬರೀ ಗಾಳಿ.
ನಾವು ಉಸಿರಾಡುವುದೇ.
ನಮಗೆ ಅದಿಲ್ಲದೆ ಆಗದು,
ಇವಳಿಗೆ ಅದಿದ್ದರೆ ಆಗದು.'

ಗಾಳಿಯನ್ನು ಹಿಂಡಬಹುದು, ಡೀಸೆಲ್ಲನ್ನು ಹಿಂಡಲಾಗದು:
ಇಷ್ಟೇ ಅವನ ಶಾಸ್ತ್ರ.
ಪಂಪು ಒದ್ದರೆ ಎಣ್ಣೆ ಆ ಒದೆಯನ್ನು ಮುಂದಕ್ಕೆ ದಾಟಿಸುತ್ತದೆ;
ಗುಳ್ಳೆ ಮಾತ್ರ ಒದೆಸಿಕೊಂಡು, ಕುಗ್ಗಿ, ಮತ್ತೆ ಉಬ್ಬಿ
ಏನೂ ಆಗದವರ ಹಾಗೆ ಕೂತಿರುತ್ತದೆ.
ಹನ್ನೊಂದು ವರ್ಷದ ನಾನು ಟಾರ್ಚು ಹಿಡಿದು
ಹಾಗೇ ಕೂತಿದ್ದೆ.

ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡಿದ.
ಒದ್ದೆಯಾದದ್ದು ಒಂದು ಬೆರಳಗಲ.
ಕಡ್ಡಿಯೇ ಸುಳ್ಳು ಹೇಳಿತೇನೋ ಎಂಬಂತೆ ಮತ್ತೊಮ್ಮೆ ಇಳಿಸಿದ.
'ನಿನ್ನೆ ರಾತ್ರಿ ಅರ್ಧ ಇತ್ತು' ಎಂದ, ಯಾರಿಗೂ ಅಲ್ಲ.
ಟಾರ್ಚಿನ ಬೆಳಕು ತುಸು ಅಲ್ಲಾಡಿತು.

ಮೂಲೆಯ ಡಬ್ಬಿಯಿಂದ ಐದು ಲೀಟರು, ಬಟ್ಟೆಯಲ್ಲಿ ಸೋಸಿ ಸುರಿದ.
ಫಿಲ್ಟರಿನ ನೆತ್ತಿಯ ತಿರುಪನ್ನು ಒಂದು ಸುತ್ತು ಸಡಿಲಿಸಿ
'ಒತ್ತು' ಎಂದ.
ಪಂಪಿನ ಹೊಟ್ಟೆಯಡಿ ಹೆಬ್ಬೆರಳುದ್ದದ ಸನ್ನೆಗೋಲು.
ಒತ್ತಿದೆ. ಸಡಿಲ, ಸತ್ತದ್ದು.
ಅವನು ದಪ್ಪ ಚಕ್ರವನ್ನು ಅರ್ಧ ಸುತ್ತು ತಿರುಗಿಸಿದ ಮೇಲೆ
ಗಾಳಕ್ಕೆ ಮೀನು ಕಚ್ಚಿದಂತೆ ಬಿಗಿ ಬಂತು.

ಮೊದಲು ಏನೂ ಇಲ್ಲ. ಆಮೇಲೆ ಫುಸ್ಸೆಂಬ ಸದ್ದು.
ಆಮೇಲೆ ನೊರೆ.
ಎಲಿಯೊದೊರೊಗೆ ಎಡಗಿವಿ ಕೇಳದು, ಬಲಗಿವಿ ಅಷ್ಟಕ್ಕಷ್ಟೇ;
ತಿರುಪಿನ ಬುಡಕ್ಕೆ ಬೆರಳಿಟ್ಟು ಕಣ್ಣು ಮುಚ್ಚಿದ್ದ.
'ಇನ್ನೂ ಇದೆ.'
ಒತ್ತಿದೆ.
'ಇನ್ನೂ ಇದೆ.'
ಸೆಳವು ನಮ್ಮನ್ನು ಮೆಲ್ಲಗೆ ಒಯ್ಯುತ್ತಿತ್ತು
ಚಿಪ್ಪು ಸಾಕುವವರ ತೇಲುಬುರುಡೆಗಳ ಸಾಲಿನತ್ತ.
ಎಣ್ಣೆ ಒಂದೇ ನೂಲಾಗಿ ಇಳಿಯುತ್ತಿರುವಾಗಲೇ ತಿರುಪು ಮುಚ್ಚಬೇಕು,
ನಿಂತ ಮೇಲೆ ಮುಚ್ಚಿದರೆ ಮತ್ತೆ ಉಸಿರೆಳೆದುಕೊಳ್ಳುತ್ತದೆ.

ಆ ಅರ್ಧ ಟ್ಯಾಂಕು ಎಲ್ಲಿತ್ತೆಂದು ನನಗೆ ಗೊತ್ತಿತ್ತು:
ಬಾರ್ರಿಯಾ ಮನೆಯ ಜನರೇಟರಿನಲ್ಲಿ.
ಬದಲಿಗೆ ಬಂದದ್ದು, ಅಡಿಗೆ ಮುಳ್ಳಿದ್ದ ಚೆಂಡಾಟದ ಬೂಟು,
ಒಂದಳತೆ ದೊಡ್ಡದು,
ಮೂಟೆಗಳ ಹಿಂದೆ ಗೋಣಿಯಲ್ಲಿ ಸುತ್ತಿಟ್ಟಿದ್ದೆ.

ಕೊನೆಗೆ ಇಂಜೆಕ್ಟರುಗಳು.
ಹದಿನೇಳರ ಸ್ಪ್ಯಾನರನ್ನು ನನ್ನ ಕೈಗೇ ಕೊಟ್ಟ.
'ನಾನು ತಿರುಗಿಸುತ್ತೇನೆ. ಗುಳ್ಳೆ ನಿಂತರೆ ಹೇಳು.'
ಅವನು ಹಿಡಿಕೆ ತಿರುಗಿಸಿದ, ನಟ್ಟಿನ ಸಂದಿಯಿಂದ ಉಗುಳಿತು,
ಉಗುಳಿತು, ಉಗುಳಿತು. ತಿಳಿಯಾಯಿತು.
ಗುಳ್ಳೆ ಇರಲಿಲ್ಲ.
'ಇನ್ನೂ ಇದೆ' ಎಂದೆ.
ಅವನು ತಿರುಗಿಸುತ್ತಲೇ ಇದ್ದ. ಐದು ಲೀಟರಿನ ಡೀಸೆಲ್ಲು
ದೋಣಿಯ ತಳಕ್ಕೆ ಹನಿಹನಿಯಾಗಿ ಹೋಗುತ್ತಿತ್ತು.
'ನಾನೇ' ಎಂದೆ. 'ಎರಡು ಡಬ್ಬಿ. ನಿನ್ನೆ ರಾತ್ರಿ.'

ನನ್ನ ಕಡೆಗಿದ್ದದ್ದು ಅವನ ಎಡಗಿವಿ.

'ಈಗ ಬಿಗಿಮಾಡು. ಅತಿ ಬೇಡ,
ಹಳೇ ನಟ್ಟು, ಎಳೆ ಕಿತ್ತುಹೋದೀತು.'

ಹಿಡಿಕೆಯ ನಾಲ್ಕನೆಯ ಸುತ್ತಿಗೆ ಬಿಳಿ ಹೊಗೆ,
ಐದನೆಯದಕ್ಕೆ ಡುಗ್, ಡುಗ್ ಡುಗ್,
ಹುಂಜಗಳು ಬೆಳಗಾಯಿತೆಂದುಕೊಂಡು ಕೂಗಿದವು,
ಎದುವಿನಾ ನಗಲು ಹೋಗಿ ದವಡೆ ಹಿಡಿದುಕೊಂಡಳು.

ದಡದಲ್ಲಿ ಮೂಟೆ ಇಳಿಸುವಾಗ ಗೋಣಿಯ ಗಂಟನ್ನು
ಬಿಚ್ಚದೆಯೇ ನನ್ನ ಕೈಗಿಟ್ಟ.
'ಬೂಟಿನ ಮೂತಿಗೆ ಹಳೇ ಪತ್ರಿಕೆ ತುರುಕಿಕೋ' ಎಂದ.
'ಇಲ್ಲದಿದ್ದರೆ
ಅಲ್ಲೂ ಗಾಳಿ.'